ರೂಲ್ಸಿಗಿಂತ ಹಳೆಯ ಮನೆಗಳು

ಎಲ್ಲರಿಗೂ ನಮಸ್ಕಾರ. ರಜೆ ದಿನ ಮಧ್ಯಾಹ್ನ ಬಿಡುವು ಮಾಡಿಕೊಂಡು ಬಂದಿದ್ದೀರಿ, ತುಂಬಾ ಸಂತೋಷ. ಇಲ್ಲಿ ಕೂತವರಲ್ಲಿ ಜಾಸ್ತಿ ಜನ ಓಹಾಯೋದಲ್ಲಿ ಮನೆ ಕೊಂಡವರು. ನಿಮ್ಮಲ್ಲಿ ಕೆಲವರಿಗಾದರೂ ಊರಿನ ಕಚೇರಿಯಿಂದ ಒಂದು ಕಾಗದ ಬಂದಿರುತ್ತದೆ. "ನಿಮ್ಮ ಪಕ್ಕದ ಸೈಟಿನವರು ವೇರಿಯನ್ಸ್ ಕೇಳಿದ್ದಾರೆ, ಇಂಥ ದಿನ ಸಂಜೆ ಹಿಯರಿಂಗ್ ಇದೆ, ಬರಬಹುದು" ಅಂತ ಅದರಲ್ಲಿ ಬರೆದಿರುತ್ತದೆ. ವೇರಿಯನ್ಸ್ ಅಂದರೆ ಊರಿನ ಕಟ್ಟಡದ ರೂಲಿನಿಂದ ಒಂದು ಸೈಟಿಗೆ ಮಾತ್ರ ಕೊಡುವ ರಿಯಾಯಿತಿ, ಹಿಯರಿಂಗ್ ಅಂದರೆ ಅದರ ವಿಚಾರಣೆ. ಆ ಕಾಗದ ಅಡುಗೆಮನೆಯ ಕಟ್ಟೆ ಮೇಲೆ ಒಂದು ವಾರ ಬಿದ್ದಿದ್ದು ಆಮೇಲೆ ಕಸಕ್ಕೆ ಹೋಗುತ್ತದೆ, ಅಲ್ವಾ? ಇವತ್ತು ಆ ಕಾಗದದ ಬಗ್ಗೆಯೇ ಮಾತಾಡುತ್ತೇನೆ.

ಓಹಾಯೋದ ಒಂದು ಚಿಕ್ಕ ಊರಿನ ಜೋನಿಂಗ್ ಮೇಲ್ಮನವಿ ಮಂಡಳಿಯಲ್ಲಿ ನಾನು ಕೆಲವು ವರ್ಷ ಕೂತಿದ್ದೆ. ಜೋನಿಂಗ್ ಅಂದರೆ ಊರಿನ ಯಾವ ಜಾಗದಲ್ಲಿ ಏನನ್ನು, ಹೇಗೆ ಕಟ್ಟಬಹುದು ಅನ್ನುವ ರೂಲ್ಸು. ಅದರಿಂದ ರಿಯಾಯಿತಿ ಬೇಕು ಅನ್ನುವವರ ಅರ್ಜಿ ಬರುವುದು ಈ ಮಂಡಳಿಗೆ. ಐದು ಜನರ ಮಂಡಳಿ. ತಿಂಗಳಿಗೊಂದು ಸಂಜೆ ಸಭೆ. ನಮ್ಮ ಮುಂದೆ ಬರುತ್ತಿದ್ದ ಅರ್ಜಿಗಳಲ್ಲಿ ದೊಡ್ಡ ಬಿಲ್ಡರುಗಳದ್ದು ತೀರಾ ಕಡಿಮೆ. ಬೇಲಿ, ಶೆಡ್ಡು, ಮೆಟ್ಟಿಲು, ಜಗಲಿ, ಇಂಥವೇ ಜಾಸ್ತಿ. ಅದರಲ್ಲೂ ಹಳೆಯ ಬೀದಿಗಳ ಮನೆಗಳೇ ಮತ್ತೆ ಮತ್ತೆ ಬರುತ್ತಿದ್ದವು.

ಒಂದು ಅರ್ಜಿ ಹೇಳುತ್ತೇನೆ. ಒಬ್ಬ ಹಿರಿಯ ಹೆಂಗಸು, ಒಬ್ಬರೇ ಇರುವವರು. ಜೋನಿಂಗ್ ಅನ್ನುವ ಮಾತೇ ಆ ಊರಿಗೆ ಬರುವ ಮೊದಲು ಕಟ್ಟಿದ ಮರದ ಮನೆ. ಮನೆ ದುರಸ್ತಿ ಕಾರ್ಯಕ್ರಮದಲ್ಲಿ ಅವರ ಹೆಸರು ಬಂದಿತ್ತು. ಕಂಟ್ರಾಕ್ಟರ್ ಕೂಡ ಸಿಕ್ಕಿದ್ದರು. ಛಾವಣಿ ಆಗಬೇಕು, ಮುಂದಿನ ಜಗಲಿ ಪೂರ್ತಿ ಬಿಚ್ಚಿ ಹೊಸದಾಗಿ ಕಟ್ಟಬೇಕು. ಅರ್ಜಿ ಜೊತೆ ನಾಲ್ಕು ಫೋಟೋ ಇಟ್ಟಿದ್ದರು. ಜಗಲಿಯ ಮೂರನೇ ಮೆಟ್ಟಿಲು ಇರಲೇ ಇಲ್ಲ. ಅದರ ಜಾಗದಲ್ಲಿ ಹಾಲಿನ ಪ್ಲಾಸ್ಟಿಕ್ ಕ್ರೇಟು ಮಗುಚಿ ಇಟ್ಟಿದ್ದರು. ಕ್ರೇಟು ಜಾರದ ಹಾಗೆ ಎರಡೂ ಕಡೆ ಇಟ್ಟಿಗೆ. ಎಷ್ಟು ಕಾಲ ಹಾಗೆ ಹತ್ತಿಳಿದಿದ್ದರೋ, ಕ್ರೇಟಿನ ಅಂಚು ಬಿಳಿಚಿಕೊಂಡು ಸವೆದಿತ್ತು.

ಪರ್ಮಿಟ್ ಸಿಗಲಿಲ್ಲ. ಯಾಕೆಂದರೆ ಊರಿನ ಜೋನಿಂಗ್ ಪುಸ್ತಕದ ಪ್ರಕಾರ ಮನೆ ಮುಂದೆ 25 ಅಡಿ ಸೆಟ್‌ಬ್ಯಾಕ್, ಅಂದರೆ ಖಾಲಿ ಜಾಗ, ಬಿಡಬೇಕು. ಅವರ ಜಗಲಿ ಫುಟ್‌ಪಾತಿನಿಂದ ಅದರ ಅರ್ಧ ದೂರದಲ್ಲೂ ಇರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ರಿಪೇರಿ ಮಾಡಬಹುದು, ಆದರೆ ಬಿಚ್ಚಿದ ಮೇಲೆ ಅದೇ ಜಾಗದಲ್ಲಿ ಮತ್ತೆ ಕಟ್ಟುವ ಹಾಗಿಲ್ಲ. ಪರ್ಮಿಟ್ ಕೊಡುವ ಅಧಿಕಾರಿಯ ತಪ್ಪಲ್ಲ ಅದು, ಪುಸ್ತಕದಲ್ಲಿ ಹಾಗೇ ಇದೆ. ಇನ್ನು ವೇರಿಯನ್ಸ್ ಕೇಳಬೇಕು. ಅರ್ಜಿ, ಶುಲ್ಕ, ಸೈಟಿನ ನಕ್ಷೆ, ಅಕ್ಕಪಕ್ಕದವರಿಗೆ ನೋಟಿಸು. ಆಮೇಲೆ ನಮ್ಮ ತಿಂಗಳ ಸಭೆ ಬರುವ ತನಕ ಕಾಯಬೇಕು. ಅಷ್ಟರಲ್ಲಿ ಕಂಟ್ರಾಕ್ಟರ್ ಬೇರೆ ಕೆಲಸ ಹಿಡಿದಿದ್ದರು.

ಹಿಯರಿಂಗಿಗೆ ಎದುರು ಮನೆಯವರು ಬಂದಿದ್ದರು. ಪ್ರಮಾಣ ಮಾಡಿ ಎರಡೇ ಮಾತು ಹೇಳಿದರು. "ನಮ್ಮ ಬೀದಿಯ ಎಲ್ಲಾ ಜಗಲಿಗಳೂ ಒಂದೇ ಸಾಲಿನಲ್ಲಿವೆ. ಇವರದ್ದು ಮಾತ್ರ ಹಿಂದೆ ಸರಿಸಬೇಕು ಅಂದರೆ ಮನೆಯನ್ನೇ ಸರಿಸಬೇಕು." ಹತ್ತು ನಿಮಿಷದಲ್ಲಿ ಐದಕ್ಕೆ ಐದು ಮತ ಬಿತ್ತು. ಒಪ್ಪಿಗೆ ಕೊಟ್ಟ ಖುಷಿ ನನಗಿರಲಿಲ್ಲ. ಆ ಹತ್ತು ನಿಮಿಷಕ್ಕೋಸ್ಕರ ಅವರು ಇನ್ನೂ ಎರಡು ತಿಂಗಳಿಗಿಂತ ಜಾಸ್ತಿ ಆ ಕ್ರೇಟಿನ ಮೇಲೆ ಕಾಲಿಟ್ಟು ಓಡಾಡಿದ್ದರು.

ಇಂಥ ರೂಲ್ಸು ಬಂದಿದ್ದು ಹೇಗೆ ಅಂತ ಸ್ವಲ್ಪ ನೋಡೋಣ.

1915ರಲ್ಲಿ ನ್ಯೂಯಾರ್ಕಿನಲ್ಲಿ ಇಕ್ವಿಟಬಲ್ ಕಟ್ಟಡ ಎದ್ದಿತು. ರಸ್ತೆಯ ಅಂಚಿನಿಂದಲೇ ನೆಟ್ಟಗೆ ಮೇಲಕ್ಕೆ. ಅದರ ನೆರಳಲ್ಲಿ ಸುತ್ತಲಿನ ಕಟ್ಟಡಗಳಿಗೆ ಬೆಳಕೇ ಇಲ್ಲದ ಹಾಗಾಯಿತು. ಮರುವರ್ಷ, 1916ರಲ್ಲಿ, ಅಮೆರಿಕದಲ್ಲೇ ಮೊದಲ ಬಾರಿಗೆ ಇಡೀ ಊರಿಗೆ ಅನ್ವಯಿಸುವ ಜೋನಿಂಗ್ ಕಾನೂನನ್ನು ನ್ಯೂಯಾರ್ಕ್ ತಂದಿತು. ಬೆಳಕು, ಗಾಳಿ, ಬೆಂಕಿಯಿಂದ ರಕ್ಷಣೆ, ಇವು ನಿಜವಾದ ಕಾರಣಗಳೇ. ಆದರೆ ಜೊತೆಗೆ ಬೇರೆ ಉದ್ದೇಶಗಳೂ ಇದ್ದವು. ಕೆಲವು ಊರುಗಳು ಕಪ್ಪು ಜನರು ಯಾವ ಬೀದಿಯಲ್ಲಿ ಇರಬಹುದು, ಎಲ್ಲಿ ಇರಬಾರದು ಅಂತಲೇ ಕಾನೂನು ಬರೆದವು. ಲೂಯಿವಿಲ್ ಊರಿನ ಅಂಥ ಕಾನೂನನ್ನು 1917ರಲ್ಲಿ ಸುಪ್ರೀಂ ಕೋರ್ಟ್ ಹೊಡೆದುಹಾಕಿತು. ಆಮೇಲೆ ಬಣ್ಣದ ಹೆಸರೆತ್ತದೆ ಅದೇ ಕೆಲಸ ಮಾಡುವ ದಾರಿ ಹುಡುಕಿಕೊಂಡರು. ದೊಡ್ಡ ಸೈಟೇ ಬೇಕು, ಒಂದು ಸೈಟಿಗೆ ಒಂದೇ ಸಂಸಾರ ಇರಬೇಕು, ಅಪಾರ್ಟ್‌ಮೆಂಟ್ ಕೂಡದು. ಇದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ನಾವೀಗ ನೆಮ್ಮದಿಯಾಗಿರುವ ಎಷ್ಟೋ ಬಡಾವಣೆಗಳ ಗೆರೆ ಎಳೆದದ್ದು ಆ ಕಾಲದಲ್ಲೇ.

1920ರ ದಶಕದಲ್ಲಿ ಹರ್ಬರ್ಟ್ ಹೂವರ್ ವಾಣಿಜ್ಯ ಖಾತೆಯ ಮಂತ್ರಿ. ಅವರ ಇಲಾಖೆ ರಾಜ್ಯಗಳಿಗೆ ಒಂದು ಮಾದರಿ ಕಾನೂನು ಮಾಡಿಕೊಟ್ಟಿತು. ಮೇಲ್ಮನವಿ ಮಂಡಳಿ ಅನ್ನುವ ಏರ್ಪಾಡು ದೇಶದ ತುಂಬಾ ಹರಡಿದ್ದು ಅದರಿಂದಲೇ. ಐದು ಸದಸ್ಯರು, ಅಧಿಕಾರಿಯ ತೀರ್ಮಾನ ತಿರುಗಿಸಬೇಕಾದರೆ ನಾಲ್ಕು ಮತ ಅಂತ ಆ ಮಾದರಿಯಲ್ಲೇ ಇತ್ತು. ಅದನ್ನು ಬರೆದವರಿಗೆ ಒಂದು ವಿಷಯ ಚೆನ್ನಾಗಿ ಗೊತ್ತಿತ್ತು. ನಕ್ಷೆ ಮೇಲೆ ಎಷ್ಟೇ ಹುಷಾರಾಗಿ ಗೆರೆ ಎಳೆದರೂ ಯಾವುದೋ ಒಂದು ಸೈಟಿಗೆ ಅದು ಒಪ್ಪುವುದಿಲ್ಲ. ಆ ಒಂದು ಸೈಟಿನವರು ಬಂದು ಕಷ್ಟ ಹೇಳಿಕೊಳ್ಳಲು ಜಾಗ ಬೇಕು.

ಇದೆಲ್ಲ ಸಂವಿಧಾನಕ್ಕೆ ಒಪ್ಪುತ್ತದಾ ಅನ್ನುವ ಪ್ರಶ್ನೆ ತೀರ್ಮಾನ ಆಗಿದ್ದು ನಮ್ಮ ಓಹಾಯೋದ ಮೊಕದ್ದಮೆಯಲ್ಲೇ. ಕ್ಲೀವ್‌ಲ್ಯಾಂಡ್ ಪಕ್ಕದ ಯೂಕ್ಲಿಡ್ ಆಗ ಚಿಕ್ಕ ಹಳ್ಳಿ. ಆಂಬ್ಲರ್ ರಿಯಾಲ್ಟಿ ಅನ್ನುವ ಕಂಪನಿಗೆ ಅಲ್ಲಿ 68 ಎಕರೆ ಜಮೀನಿತ್ತು, ಕಾರ್ಖಾನೆಗಳಿಗೆ ಮಾರುವ ಆಸೆ. 1922ರಲ್ಲಿ ಹಳ್ಳಿ ಜೋನಿಂಗ್ ತಂದಾಗ ಬೆಲೆ ಬಿದ್ದುಹೋಯಿತು ಅಂತ ಕಂಪನಿ ಕೋರ್ಟಿಗೆ ಹೋಯಿತು. 1926ರಲ್ಲಿ ಸುಪ್ರೀಂ ಕೋರ್ಟ್ 6–3 ಮತದಿಂದ ಹಳ್ಳಿಯ ಪರ ತೀರ್ಪು ಕೊಟ್ಟಿತು. ಆ ತೀರ್ಪಿನಲ್ಲಿ ಒಂದು ಹೋಲಿಕೆ ಬರುತ್ತದೆ. ಹಂದಿ ಕೊಟ್ಟಿಗೆಯಲ್ಲಿದ್ದರೆ ಸರಿ, ನಡುಮನೆಗೆ ಬಂದರೆ ತೊಂದರೆ ಅನ್ನುವ ಥರದ್ದು. ಅದೇ ತೀರ್ಪು ಅಪಾರ್ಟ್‌ಮೆಂಟುಗಳನ್ನು ಮನೆಗಳ ಬೀದಿಗೆ ಅಂಟಿಕೊಂಡು ಬದುಕುವ ಪರೋಪಜೀವಿ ಅಂತ ಕರೆಯಿತು. ಈ ಎರಡನೆಯದು ನನಗೆ ಯಾವಾಗಲೂ ನೋವು ಕೊಡುತ್ತದೆ. ಈ ದೇಶಕ್ಕೆ ಬಂದ ನಮ್ಮಲ್ಲಿ ಎಷ್ಟು ಜನ ಮೊದಲು ಇದ್ದದ್ದು ಅಪಾರ್ಟ್‌ಮೆಂಟಿನಲ್ಲೇ, ಅಲ್ವಾ?

ಈಗ ಮಂಡಳಿಯ ಕೆಲಸಕ್ಕೆ ಬರೋಣ. ಬಹಳ ಜನ ಅದನ್ನು ಊರಿನ ಮಾಮೂಲಿ ಮೀಟಿಂಗ್ ಅಂದುಕೊಳ್ಳುತ್ತಾರೆ. ಅದು ಅರ್ಧ ಕೋರ್ಟು. ಮಾತಾಡುವವರು ಪ್ರಮಾಣ ಮಾಡಬೇಕು. ಸುಮ್ನೆ ಶಾಸ್ತ್ರಕ್ಕಲ್ಲ ಅದು. ಮಂಡಳಿಯ ತೀರ್ಮಾನ ಒಪ್ಪದವರು 30 ದಿನದೊಳಗೆ ಕೌಂಟಿಯ, ಅಂದರೆ ಜಿಲ್ಲೆಯ ಮಟ್ಟದ, ಕಾಮನ್ ಪ್ಲೀಸ್ ಕೋರ್ಟಿಗೆ ಹೋಗಬಹುದು. ಅಲ್ಲಿ ಜಡ್ಜ್ ಮುಖ್ಯವಾಗಿ ನೋಡುವುದು ನಮ್ಮ ಸಭೆಯಲ್ಲಿ ದಾಖಲಾದ ಸಾಕ್ಷಿಯನ್ನು. ಸಭೆಯಲ್ಲಿ ಹೇಳದೆ ಬಿಟ್ಟ ಮಾತನ್ನು ಆಮೇಲೆ ಸೇರಿಸುವುದು ಕಷ್ಟ.

ಸೆಟ್‌ಬ್ಯಾಕ್, ಎತ್ತರ, ಸೈಟಿನ ಅಗಲದಂಥ ಅಳತೆಯ ವೇರಿಯನ್ಸಿಗೆ "ಪ್ರಾಯೋಗಿಕ ತೊಂದರೆ" ಇದೆಯಾ ಅಂತ ಕೇಳುತ್ತೇವೆ. ಅದನ್ನು ಅಳೆಯಲು ಓಹಾಯೋ ಸುಪ್ರೀಂ ಕೋರ್ಟ್ 1986ರಲ್ಲಿ, ಡಂಕನ್ ಮತ್ತು ಮಿಡಲ್‌ಫೀಲ್ಡ್ ಹಳ್ಳಿಯ ಮೊಕದ್ದಮೆಯಲ್ಲಿ, ಏಳು ಪ್ರಶ್ನೆ ಕೊಟ್ಟಿತು. ಏಳನ್ನೂ ಇಲ್ಲಿ ಓದುವುದಿಲ್ಲ. ಮನೆಯವರಿಗೆ ಮುಖ್ಯವಾದವು ಮೂರು. ಕೇಳುತ್ತಿರುವ ರಿಯಾಯಿತಿ ದೊಡ್ಡದಾ? ಕೊಟ್ಟರೆ ಬೀದಿಯ ಸ್ವರೂಪ ಕೆಡುತ್ತದಾ? ವೇರಿಯನ್ಸ್ ಇಲ್ಲದೆ ಬೇರೆ ಯಾವುದಾದರೂ ರೀತಿಯಲ್ಲಿ ಈ ತೊಂದರೆ ಬಗೆಹರಿಯುತ್ತದಾ? ಜಗಲಿಯ ಅರ್ಜಿಯಲ್ಲಿ ಎದುರು ಮನೆಯವರು ಹೇಳಿದ ಎರಡು ಮಾತನ್ನು ನೆನಪಿಸಿಕೊಳ್ಳಿ. ಅವರಿಗೆ ಈ ಪ್ರಶ್ನೆಗಳು ಗೊತ್ತಿರಲಿಲ್ಲ. ಆದರೂ ಎರಡಕ್ಕೆ ನೇರವಾಗಿ ಉತ್ತರ ಕೊಟ್ಟಿದ್ದರು. ಜಾಗದ ಬಳಕೆಯನ್ನೇ ಬದಲಿಸುವ ವೇರಿಯನ್ಸ್ ಬೇರೆ, ಅದಕ್ಕೆ ಪರೀಕ್ಷೆ ಬಿಗಿ. ಮನೆಯ ಜಾಗದಲ್ಲಿ ಅಂಗಡಿ ಬೇಕು ಅಂದರೆ ನಮ್ಮ ಕೈಯೂ ಕಟ್ಟಿರುತ್ತದೆ.

ಕೈ ಕಟ್ಟಿದ ಒಂದು ಸಂಜೆ ನನಗೆ ಮರೆಯಲು ಆಗಿಲ್ಲ.

ಕೆಳಗೊಂದು ಮನೆ, ಮೇಲೊಂದು ಮನೆ ಇರುವ ಹಳೆಯ ಡ್ಯೂಪ್ಲೆಕ್ಸ್. ಆ ಬೀದಿಯಲ್ಲಿ ಈಗ ಒಂದು ಸೈಟಿಗೆ ಒಂದೇ ಮನೆ ಅನ್ನುವ ರೂಲು. ಆದರೆ ರೂಲಿಗಿಂತ ಮೊದಲೇ ಇದ್ದದ್ದು ಹಾಗೇ ಮುಂದುವರಿಯಬಹುದು. ಜನ ಇದನ್ನು "ಗ್ರ್ಯಾಂಡ್‌ಫಾದರ್ಡ್" ಅಂತಾರೆ. ಅದಕ್ಕೊಂದು ಗಡುವಿದೆ. ಓಹಾಯೋ ಕಾನೂನಿನಲ್ಲಿ ಮಾಲೀಕರು ತಾವಾಗಿ ಎರಡು ವರ್ಷ ಆ ಬಳಕೆ ನಿಲ್ಲಿಸಿದರೆ ಹಕ್ಕು ಹೋಗುತ್ತದೆ. ಊರುಗಳು ಬೇಕಾದರೆ ಆ ಗಡುವನ್ನು ಆರು ತಿಂಗಳ ತನಕ ಇಳಿಸಬಹುದು. ಈ ಮನೆಯ ಯಜಮಾನರು ತೀರಿಕೊಂಡಿದ್ದರು, ಮಕ್ಕಳು ಬೇರೆ ರಾಜ್ಯದಲ್ಲಿ. ಆಸ್ತಿ ಹಂಚಿಕೆಯ ಕಾಗದ ಮುಗಿಯುವಷ್ಟರಲ್ಲಿ ಗಡುವು ದಾಟಿತ್ತು. ಒಂದು ಯುವ ದಂಪತಿ ಅದನ್ನು ಕೊಂಡು, ಕೆಳಗೆ ತಾವಿದ್ದು ಮೇಲಿನ ಮನೆ ಬಾಡಿಗೆಗೆ ಕೊಟ್ಟು, ಆ ಬಾಡಿಗೆಯಲ್ಲಿ ರಿಪೇರಿ ಸಾಲ ತೀರಿಸುವ ಲೆಕ್ಕ ಹಾಕಿದ್ದರು. ಬಾಡಿಗೆ ಇಲ್ಲದೆ ಬ್ಯಾಂಕಿನ ಲೆಕ್ಕ ಕೂಡುತ್ತಿರಲಿಲ್ಲ. ಮಾಲೀಕರು ತಾವಾಗಿ ನಿಲ್ಲಿಸಿದ್ದಾ, ಸಾವು ಮತ್ತು ಕಾಗದಪತ್ರ ನಿಲ್ಲಿಸಿದ್ದಾ ಅಂತ ಅವತ್ತು ಬಹಳ ಹೊತ್ತು ಚರ್ಚೆ ಆಯಿತು. ತಾವಾಗಿ ನಿಲ್ಲಿಸಿದ್ದಲ್ಲ ಅಂತ ನಾನು ಮತ ಹಾಕಿದೆ. ನನ್ನ ಕಡೆ ಬಹುಮತ ಇರಲಿಲ್ಲ. ದಂಪತಿ ಕೋರ್ಟಿಗೆ ಹೋಗಲಿಲ್ಲ, ಅಷ್ಟು ದುಡ್ಡು ಅವರ ಹತ್ತಿರ ಇರಲಿಲ್ಲ. ಮುಂದಿನ ಚಳಿಗಾಲದಲ್ಲಿ ಆ ಮನೆಯ ಪೈಪುಗಳು ಹೆಪ್ಪುಗಟ್ಟಿ ಒಡೆದವು. ಕೆಳಗಿನ ಮನೆಯ ಸೀಲಿಂಗು ಕುಸಿದು ಬಿತ್ತು.

ಖಾಲಿ ಮನೆ ಅಂದರೆ ಓಹಾಯೋದಲ್ಲಿ ಸಣ್ಣ ವಿಷಯ ಅಲ್ಲ. ಯಂಗ್ಸ್‌ಟೌನಿನಲ್ಲಿ 1930ರಲ್ಲಿ 1 ಲಕ್ಷ 70 ಸಾವಿರ ಜನ ಇದ್ದರು. 2020ರ ಗಣತಿಯಲ್ಲಿ ಸುಮಾರು 60 ಸಾವಿರ. 1977ರ ಸೆಪ್ಟೆಂಬರಿನಲ್ಲಿ ಕ್ಯಾಂಬೆಲ್ ಉಕ್ಕಿನ ಕಾರ್ಖಾನೆ ಮುಚ್ಚುವ ಸುದ್ದಿ ಬಂದ ದಿನವನ್ನು ಅಲ್ಲಿಯವರು ಇವತ್ತಿಗೂ ಕಪ್ಪು ಸೋಮವಾರ ಅಂತಲೇ ಕರೆಯುತ್ತಾರೆ. ಆ ಊರು 2005ರಲ್ಲಿ ಒಂದು ಧೈರ್ಯದ ಯೋಜನೆ ಒಪ್ಪಿತು. ನಾವು ಮತ್ತೆ ಅಷ್ಟು ದೊಡ್ಡ ಊರಾಗುವುದಿಲ್ಲ, ಚಿಕ್ಕ ಊರಾಗಿಯೇ ಚೆನ್ನಾಗಿ ಬಾಳೋಣ ಅಂತ. 2009ರ ಹೊತ್ತಿಗೆ ರಾಜ್ಯವು ಲ್ಯಾಂಡ್ ಬ್ಯಾಂಕುಗಳಿಗೆ ದಾರಿ ಮಾಡಿತು. ತೆರಿಗೆ ಬಾಕಿಯಿಂದ ಕೈಬಿಟ್ಟ ಮನೆಗಳನ್ನು ಅವು ತೆಗೆದುಕೊಂಡು ರಿಪೇರಿಗೆ ಕೊಡುತ್ತವೆ ಅಥವಾ ಕೆಡವುತ್ತವೆ. ಕೆಡವಿದ ಸೈಟು ಬಹಳ ಕಡೆ ಹೊಸ ರೂಲಿಗಿಂತ ಕಿರಿದು. ಅಲ್ಲಿ ಮತ್ತೆ ಮನೆ ಕಟ್ಟಬೇಕಾದರೆ ವೇರಿಯನ್ಸ್ ಬೇಕು. ನೋಡಿ, ತಿರುಗಿ ಅದೇ ಮೇಜಿನ ಮುಂದೆ ಬಂದೆವು.

ದುರಸ್ತಿಯ ದುಡ್ಡು ಎಲ್ಲಿಂದ ಬರುತ್ತದೆ? ಹೆಚ್ಚಿನ ಪಾಲು ಫೆಡರಲ್ ಸರಕಾರದ್ದು. 1949ರ ವಸತಿ ಕಾನೂನಿನ ನಂತರ ಎಷ್ಟೋ ವರ್ಷ "ಹಳೆಯದನ್ನು ಕೆಡವಿ ಹೊಸದು ಕಟ್ಟು" ಅನ್ನುವುದೇ ನೀತಿ. ಬುಲ್ಡೋಜರ್ ಹೋದ ಕಡೆ ಹಳೆಯ ಬೀದಿಗಳು, ಅದರಲ್ಲೂ ಕಪ್ಪು ಜನರ ಬೀದಿಗಳು, ಹೆಸರಿಲ್ಲದ ಹಾಗೆ ಅಳಿಸಿಹೋದವು. 1974ರಲ್ಲಿ ಸಮುದಾಯ ಅಭಿವೃದ್ಧಿಯ ಬ್ಲಾಕ್ ಗ್ರಾಂಟ್, ಅಂದರೆ ಊರುಗಳಿಗೆ ಕೊಡುವ ಫೆಡರಲ್ ಅನುದಾನ, ಬಂತು. ಅದರ ದುಡ್ಡನ್ನು ಇದ್ದ ಮನೆ ಸರಿಪಡಿಸಲು ಬಳಸಬಹುದು. ಅದರಲ್ಲಿ ಕನಿಷ್ಠ 70 ಶೇಕಡಾ ಕಡಿಮೆ ಮತ್ತು ಸಾಧಾರಣ ಆದಾಯದವರಿಗೆ ಉಪಯೋಗವಾಗಬೇಕು. 50 ಸಾವಿರ ಜನ ಇಲ್ಲದ ಚಿಕ್ಕ ಊರುಗಳಿಗೆ ಸಾಮಾನ್ಯವಾಗಿ ಇದು ರಾಜ್ಯದ ಮೂಲಕ ಬರುತ್ತದೆ, ಪೈಪೋಟಿ ಮಾಡಿ ತರಬೇಕು. ಎಷ್ಟೋ ಕಡೆ ಇದನ್ನು ಸಾಲದ ರೂಪದಲ್ಲಿ ಕೊಡುತ್ತಾರೆ. ಮಾಲೀಕರು ಇಂತಿಷ್ಟು ವರ್ಷ ಅದೇ ಮನೆಯಲ್ಲಿದ್ದರೆ ಸಾಲ ಸ್ವಲ್ಪ ಸ್ವಲ್ಪವಾಗಿ ಮನ್ನಾ ಆಗುತ್ತದೆ.

ಈ ದುಡ್ಡಿನ ಬಗ್ಗೆ ಮಾತಾಡುವಾಗ ಸೀಸದ ಬಣ್ಣದ ವಿಷಯ ಹೇಳಲೇಬೇಕು. ಮನೆಗೆ ಬಳಿಯುವ ಬಣ್ಣದಲ್ಲಿ ಸೀಸ ಬೆರೆಸುವುದನ್ನು 1978ರಲ್ಲಿ ನಿಷೇಧಿಸಿದರು. ಅದಕ್ಕಿಂತ ಹಳೆಯ ಮನೆ ಕೊಂಡವರು ಒಮ್ಮೆ ಕಿಟಕಿ ಹತ್ತಿರ ಹೋಗಿ ನೋಡಿ. ಮೇಲೆ ಕೆಳಗೆ ಸರಿಯುವ ಮರದ ಕಿಟಕಿ ಇದ್ದರೆ, ಪ್ರತಿ ಸಲ ಎತ್ತಿದಾಗ, ಇಳಿಸಿದಾಗ ಚೌಕಟ್ಟಿಗೆ ಉಜ್ಜುತ್ತದೆ. ಬಣ್ಣ ನುಣ್ಣಗೆ ಹಿಟ್ಟಿನ ಹಾಗೆ ಉದುರಿ ಕಿಟಕಿಯ ತಳದ ಸಂದಿಯಲ್ಲಿ ಕೂರುತ್ತದೆ. ಅಂಬೆಗಾಲಿಡುವ ಮಗು ಕಿಟಕಿ ಹಿಡಿದು ಎದ್ದು ನಿಲ್ಲುತ್ತದೆ, ಆಮೇಲೆ ಕೈ ಬಾಯಿಗೆ ಹೋಗುತ್ತದೆ. ಮಗುವಿನ ಮಿದುಳಿಗೆ ಆಗುವ ಹಾನಿ ಆಮೇಲೆ ಸರಿಹೋಗುವಂಥದ್ದಲ್ಲ. ಅದಕ್ಕೇ ಫೆಡರಲ್ ದುಡ್ಡಿನ ದುರಸ್ತಿಗೆ ಕಟ್ಟುನಿಟ್ಟು ಜಾಸ್ತಿ. ಖರ್ಚು 5,000 ಡಾಲರ್ ದಾಟಿದರೆ ಸೀಸದ ಅಪಾಯ ಎಲ್ಲೆಲ್ಲಿದೆ ಅಂತ ಪರೀಕ್ಷೆ ಮಾಡಿಸಿ ಹತೋಟಿಗೆ ತರಬೇಕು. 25,000 ಡಾಲರ್ ದಾಟಿದರೆ ಆ ಅಪಾಯವನ್ನು ಶಾಶ್ವತವಾಗಿ ತೆಗೆಯಬೇಕು. ಈ ರೂಲು ಸರಿ, ಇದರಲ್ಲಿ ರಿಯಾಯಿತಿ ಕೇಳುವವರ ಜೊತೆ ನಾನಿಲ್ಲ. ಆದರೆ ಒಂದು ಮನೆಯ ಖರ್ಚು ಏರಿದಾಗ ಸಾಲಿನಲ್ಲಿ ನಿಂತ ಮುಂದಿನ ಮನೆಗೆ ದುಡ್ಡಿರುವುದಿಲ್ಲ. ಹತ್ತು ಮನೆಗೆ ಛಾವಣಿ ಹಾಕಿಸುವುದಾ, ಎರಡು ಮನೆಯನ್ನು ಪೂರ್ತಿ ಸರಿಮಾಡುವುದಾ? ಮಕ್ಕಳಿರುವ ಮನೆಯಾದರೆ ಪೂರ್ತಿ ಮಾಡಿ ಅನ್ನುತ್ತೇನೆ. ಇಲ್ಲದಿದ್ದರೆ ಮೊದಲು ಛಾವಣಿ. ಸೋರುವ ಮನೆಯಲ್ಲಿ ಉಳಿದ ಯಾವ ರಿಪೇರಿಯೂ ನಿಲ್ಲುವುದಿಲ್ಲ.

ಸರಕಾರದ ದುಡ್ಡಿಗೆ ಕಾಯದೆ ಶುರುಮಾಡಿದವರೂ ಇದ್ದಾರೆ. ಪಿಟ್ಸ್‌ಬರ್ಗಿನ ಸೆಂಟ್ರಲ್ ನಾರ್ತ್ ಸೈಡ್ ಬಡಾವಣೆಯ ಗೃಹಿಣಿ ಡೊರೊಥಿ ರಿಚರ್ಡ್‌ಸನ್. 1930ರ ದಶಕದಲ್ಲಿ ಫೆಡರಲ್ ಏಜೆನ್ಸಿಯೊಂದು ಊರುಗಳ ನಕ್ಷೆ ಮಾಡಿ, ಕೆಲವು ಬೀದಿಗಳಿಗೆ ಕೆಂಪು ಬಣ್ಣ ಬಳಿದು ಸಾಲಕ್ಕೆ ಯೋಗ್ಯವಲ್ಲ ಅಂತ ಗುರುತು ಹಾಕಿತ್ತು. ಮೂವತ್ತು ವರ್ಷ ಕಳೆದ ಮೇಲೂ ಇಂಥ ಬೀದಿಗಳಲ್ಲಿ ಛಾವಣಿ ರಿಪೇರಿಗೆ ಸಾಲ ಸಿಗುತ್ತಿರಲಿಲ್ಲ. ರಿಚರ್ಡ್‌ಸನ್ ಅಕ್ಕಪಕ್ಕದವರನ್ನು ಸೇರಿಸಿ, 1968ರಲ್ಲಿ ಬ್ಯಾಂಕುಗಳನ್ನೂ ಊರಿನ ಅಧಿಕಾರಿಗಳನ್ನೂ ಒಂದೇ ಮೇಜಿಗೆ ತಂದರು. ಕೆಡವಬೇಡಿ, ರಿಪೇರಿಗೆ ಸಾಲ ಕೊಡಿ ಅಂತ ಒಪ್ಪಿಸಿದರು. ಆ ಮಾದರಿ ಬೇರೆ ಊರುಗಳಿಗೆ ಹಬ್ಬಿ, 1978ರಲ್ಲಿ ಅಮೆರಿಕದ ಸಂಸತ್ತು ಅದಕ್ಕೊಂದು ರಾಷ್ಟ್ರೀಯ ಸಂಸ್ಥೆಯನ್ನೇ ಮಾಡಿತು. ಈಗ ಅದರ ಹೆಸರು ನೇಬರ್‌ವರ್ಕ್ಸ್ ಅಮೆರಿಕ. ಮನೆ ಕಾಯುವ ಕೆಲಸವನ್ನು ಬೀದಿಯವರೇ ಮೊದಲು ಕೈಗೆತ್ತಿಕೊಳ್ಳಬೇಕು ಅಂತ ಯಾರಾದರೂ ಹೇಳಿದಾಗ ನನಗೆ ನೆನಪಾಗುವುದು ಇವರೇ.

ಹಾಗಾದರೆ ಏನು ಮಾಡಬೇಕು? ನನ್ನ ಮಾತು ಒಂದೇ. ಒಂದೇ ಬೀದಿಯಿಂದ ಒಂದೇ ಥರದ ವೇರಿಯನ್ಸ್ ಮೂರು ಸಲ ಬಂದರೆ, ತಿದ್ದಬೇಕಾದದ್ದು ಪುಸ್ತಕ. ಮನೆಗಳನ್ನು ಒಂದೊಂದಾಗಿ ಮಂಡಳಿಯ ಮುಂದೆ ತಂದು ನಿಲ್ಲಿಸುತ್ತಾ ಹೋಗಬಾರದು. ಸೆಟ್‌ಬ್ಯಾಕ್ 25 ಅಡಿ ಅಂತ ಊರಿಗೆಲ್ಲ ಒಂದೇ ಅಂಕಿ ಬರೆಯುವ ಬದಲು, ಅಕ್ಕಪಕ್ಕದ ಮನೆಗಳ ಸರಾಸರಿ ಅಂತ ಬರೆದರೆ ಆ ಜಗಲಿ ನಮ್ಮ ಮುಂದೆ ಬರುತ್ತಲೇ ಇರಲಿಲ್ಲ. ಎಷ್ಟೋ ಊರುಗಳ ಪುಸ್ತಕದಲ್ಲಿ ಈ ಸಾಲು ಇದೆ. ಪಾರ್ಕಿಂಗ್ ಕೂಡ ಹಾಗೇ. ಅಪಾರ್ಟ್‌ಮೆಂಟಿಗೆ ಇಷ್ಟು ಪಾರ್ಕಿಂಗ್ ಇರಲೇಬೇಕು ಅಂತ ಕಡ್ಡಾಯ ಮಾಡಿದ ಮೊದಲ ಊರು ನಮ್ಮ ಕೊಲಂಬಸ್ಸೇ, 1923ರಲ್ಲಿ. ಇರುವ ಸೈಟೇ ಕಿರಿದು, ಅದರಲ್ಲಿ ಎರಡು ಕಾರಿಗೆ ಜಾಗ ಎಲ್ಲಿಂದ ತರುವುದು? ನ್ಯೂಯಾರ್ಕ್ ರಾಜ್ಯದ ಬಫಲೋ ಊರು 2017ರಲ್ಲಿ ಆ ಕಡ್ಡಾಯವನ್ನು ಊರಿನ ತುಂಬಾ ತೆಗೆದುಹಾಕಿತು. ಡ್ಯೂಪ್ಲೆಕ್ಸ್ ಆಗಿಯೇ ಕಟ್ಟಿದ ಮನೆ ಎಷ್ಟು ಕಾಲ ಖಾಲಿ ಇದ್ದರೂ ಡ್ಯೂಪ್ಲೆಕ್ಸೇ ಅಂತ ಒಂದು ಸಾಲು ಸೇರಿಸಲು ಊರಿಗೆ ಒಂದು ಪೈಸೆ ಖರ್ಚಿಲ್ಲ. ಇದನ್ನು ಮಾಡಬೇಕಾದದ್ದು ಮೇಲ್ಮನವಿ ಮಂಡಳಿ ಅಲ್ಲ, ಆ ಪುಸ್ತಕ ತಿದ್ದುವ ಊರಿನ ಪ್ಲಾನಿಂಗ್ ಕಮಿಷನ್ ಮತ್ತು ಕೌನ್ಸಿಲ್. ಅಲ್ಲಿಗೂ ಹೋಗಿ ಮೂರು ನಿಮಿಷ ಮಾತಾಡಬಹುದು.

ಮಾತು ಮುಗಿದ ಮೇಲೆ ಹಿಂದಿನ ಸಾಲಿನಿಂದ ಒಬ್ಬರು ಕೇಳಿದರು. "ನಮ್ಮ ಮನೆಗೆ ಈಗ ಅಂಥದ್ದೇ ಕಾಗದ ಬಂದಿದೆ. ಪಕ್ಕದವರು ಹಿಂದಿನ ಕೋಣೆ ಬೆಳೆಸಬೇಕಂತೆ. ನಮ್ಮ ಅಭ್ಯಂತರ ಏನೂ ಇಲ್ಲ. ಸುಮ್ನೆ ಯಾಕೆ ಹೋಗಬೇಕು?"

ಅಭ್ಯಂತರ ಇಲ್ಲ ಅನ್ನುವುದನ್ನೇ ಹೇಳಲು ಹೋಗಿ ಅಂದೆ. ಅಭ್ಯಂತರ ಇದ್ದವರು ಹೇಗೂ ಬರುತ್ತಾರೆ. ನೀವು ಬರದಿದ್ದರೆ ದಾಖಲೆಯಲ್ಲಿ ಅವರ ಮಾತು ಮಾತ್ರ ಉಳಿಯುತ್ತದೆ. ಮೊದಲು ಕಚೇರಿಗೆ ಫೋನ್ ಮಾಡಿ ಅರ್ಜಿಯ ಪ್ರತಿ ಕೇಳಿ. ಅದು ಸಾರ್ವಜನಿಕ ದಾಖಲೆ, ಕೊಡುತ್ತಾರೆ. ನಕ್ಷೆ ಹಿಡಿದು ಪಕ್ಕದವರ ಜೊತೆ ಹಿತ್ತಲಿಗೆ ಹೋಗಿ, ಹೊಸ ಗೋಡೆ ಎಲ್ಲಿ ಬರುತ್ತದೆ ಅಂತ ನೋಡಿ. ನಿಮ್ಮ ಅಡುಗೆಮನೆ ಕಿಟಕಿಗೆ ಬೆಳಕು ಕಡಿಮೆಯಾಗುತ್ತದಾ, ಮಳೆನೀರು ಯಾವ ಕಡೆ ಹರಿಯುತ್ತದೆ ಅಂತ ಅಲ್ಲೇ ಕೇಳಿಕೊಳ್ಳಿ. ಫೋನಿನಲ್ಲಿ ಎರಡು ಫೋಟೋ ತೆಗೆದು ಪ್ರಿಂಟ್ ಮಾಡಿಸಿ. ಸಭೆಯಲ್ಲಿ ಪ್ರಮಾಣ ಮಾಡಿ, ಹೆಸರು ವಿಳಾಸ ಹೇಳಿ, ಕಣ್ಣಾರೆ ನೋಡಿದ್ದನ್ನು ಮಾತ್ರ ಹೇಳಿ.

ಅವರು ಕಾಗದ ಜೇಬಿನಲ್ಲೇ ಇಟ್ಟುಕೊಂಡು ಬಂದಿದ್ದರು. ಬಿಡಿಸಿ ನೋಡಿದೆವು. ಹಿಯರಿಂಗ್ ಮುಂದಿನ ಗುರುವಾರ ಸಂಜೆ ಏಳಕ್ಕೆ. ಪಕ್ಕದ ಕುರ್ಚಿಯಲ್ಲಿದ್ದ ಇನ್ನೊಬ್ಬರು ತಮ್ಮ ಫೋನ್ ತೆಗೆದು ತಾರೀಖು ಬರೆದುಕೊಂಡರು. ಅವರ ಮನೆಯೂ ಅದೇ ಬೀದಿಯಂತೆ.